ಹದಿನಾರು ಚಿನ್ನದ ತೂಕ

ಜರ್ಮನಿಯ ಗೆರ್ಡ್ ಶೋನ್‌ಫೆಲ್ಡರ್ 1989ರಲ್ಲಿ, ಹತ್ತೊಂಬತ್ತರ ಹರೆಯದಲ್ಲಿ, ಚಲಿಸುತ್ತಿದ್ದ ರೈಲನ್ನೇರಲು ಹೋಗಿ ಬಲತೋಳನ್ನು ಕಳೆದುಕೊಂಡರು. ಎಡಗೈಯಲ್ಲಿ ಉಳಿದದ್ದು ಹೆಬ್ಬೆರಳು ಮಾತ್ರ. ಮೂರೇ ವರ್ಷಗಳಲ್ಲಿ ಅವರು ಚಳಿಗಾಲದ ಪ್ಯಾರಾಲಿಂಪಿಕ್ಸ್‌ನ ಹಿಮದ ಇಳಿಜಾರಿನಲ್ಲಿದ್ದರು. 1992ರಿಂದ 2010ರವರೆಗಿನ ಆರು ಕೂಟಗಳಲ್ಲಿ ಅವರ ಗಳಿಕೆ 16 ಚಿನ್ನ ಸೇರಿ 22 ಪದಕ.

ಈ ಎಣಿಕೆ ಕೇಳಿದಾಗ ನಮ್ಮಲ್ಲಿ ಸಂಶಯವೊಂದು ಏಳುವುದು ಸಹಜ. ಅಂದಿನ ಆಲ್ಪೈನ್ ಸ್ಕೀಯಿಂಗ್‌ನಲ್ಲಿ ವೈಕಲ್ಯದ ಬಗೆಗೊಂದು ವರ್ಗ, ವರ್ಗಕ್ಕೊಂದು ಚಿನ್ನ. ಸ್ಪರ್ಧಿಗಳು ವಿರಳವಾದೆಡೆ ಗೆಲುವು ಸುಲಭವಲ್ಲವೆ?

ಉತ್ತರ ದೊರೆತದ್ದು 2006ರ ಟುರಿನ್ ಕೂಟದಲ್ಲಿ. ಅಲ್ಲಿ ವರ್ಗಗಳನ್ನು ನಿಂತು ಜಾರುವವರು, ಕುಳಿತು ಜಾರುವವರು, ದೃಷ್ಟಿದೋಷವುಳ್ಳವರು ಎಂಬ ಮೂರಕ್ಕೆ ಇಳಿಸಿ, ಪ್ರತಿಯೊಬ್ಬರ ಸಮಯವನ್ನೂ ವೈಕಲ್ಯಕ್ಕೆ ತಕ್ಕ ಗುಣಕದಿಂದ ತೂಗಲಾಯಿತು. ಒಂಟಿಕಾಲಿನವರೊಡನೆ, ಒಂದು ಕೋಲು ಹಿಡಿದವರೊಡನೆ, ಕೋಲೇ ಇಲ್ಲದ ಶೋನ್‌ಫೆಲ್ಡರ್ ಸೆಣಸಬೇಕಾಯಿತು. ಕೋಲಿಲ್ಲದವನಿಗೆ ಹೊರಡುವಾಗ ನೂಕುಬಲವಿಲ್ಲ. ತಿರುವುಗಳಲ್ಲಿ ಸಮತೋಲದ ಹೊರೆಯೆಲ್ಲ ಸೊಂಟ, ಮೊಣಕಾಲುಗಳದು. (ಗುಣಕಗಳು ಎಷ್ಟು ನ್ಯಾಯ ಎಂಬ ವಾದ ಬೇರೆಯೇ ಉಂಟು.) ಅಲ್ಲಿಯೂ ಅವರು ಚಿನ್ನ ಗೆದ್ದರು. ನಾಲ್ಕು ವರ್ಷಗಳ ಬಳಿಕ, ನಲವತ್ತರ ಹೊಸ್ತಿಲಲ್ಲಿ, ವ್ಯಾಂಕೂವರ್ ಕೂಟದಲ್ಲಿ ಮತ್ತೆ ನಾಲ್ಕು.