ಸಂಬಳ, ಪಗಾರ, ಗೌರವಧನ: ಮಾಸ್ತರ್ ಕೆಲಸ ಯಾಕ ಬಿಡ್ತಾರ?

ಕಂತು 1/7 | ಪದಗಳಿಂದ ಶುರು ಮಾಡೋಣ

(ಏಳು ಪೋಸ್ಟ್, ಏಳು ಕಂತು. ಕ್ಯಾಪ್ಷನ್ ಉದ್ದ ಅದ, ಪುರಸೊತ್ತಿನಾಗ ಓದ್ರಿ. ಸೇವ್ ಮಾಡಿ ಇಟ್ಕೊಂಡ್ರೂ ನಡೀತದ.)

ಕೆಲಸಕ್ಕ ಸಿಗೋ ರೊಕ್ಕಕ್ಕ ನಮ್ಮಲ್ಲಿ ಎಷ್ಟು ಹೆಸರು ಅದಾವ ನೋಡ್ರಿ. ‘ಸಂಬಳ’ ಸಂಸ್ಕೃತದ ಶಂಬಲದಿಂದ ಬಂದದ್ದು, ಅದರ ಹಳೇ ಅರ್ಥ ದಾರಿ ಬುತ್ತಿ. ‘ಪಗಾರ’ ಪೋರ್ಚುಗೀಸರಿಂದ ಮರಾಠಿಗೆ ಹೋಗಿ, ಮರಾಠಿಯಿಂದ ನಮ್ಮ ಬೀದರ್ ಕಡೆ ಬಂದು ಕುಂತದ. ಉರ್ದು ಕಲಿತ ಹಳೇ ಮಂದಿ ‘ತನಖಾ’ ಅಂತಾರ. ಹೊಲಕ್ಕ ಹೋದವರಿಗೆ ಸಿಗೋದು ‘ಕೂಲಿ’. ಸರ್ಕಾರಿ ಆದೇಶದಾಗ ಬರೋದು ‘ವೇತನ’.

ಇವೆಲ್ಲಾ ಒಂದೇ ಜಾತಿಯ ಪದ. ದುಡಿದಿ, ತಗೋ ಅಂತ ಹೇಳೋ ಪದ. ಆದ್ರ ಒಂದು ಪದ ಮಾತ್ರ ಬ್ಯಾರೆ ಅದ: ‘ಗೌರವಧನ’. ಅತಿಥಿ ಶಿಕ್ಷಕರಿಗೆ, ಅತಿಥಿ ಉಪನ್ಯಾಸಕರಿಗೆ ಕೊಡೋದಕ್ಕ ಸರ್ಕಾರ ಇಟ್ಟ ಹೆಸರು ಇದು. ಹೆಸರಿನ್ಯಾಗ ಗೌರವ ಮೊದಲು ಬರ್ತದ, ಧನ ಆಮೇಲೆ. ‘ಅತಿಥಿ’ ಅಂದ್ರ ಬಂದು ಹೋಗೋರು. ಹದಿನೈದು ವರ್ಷ ಅದೇ ಕಾಲೇಜಿಗೆ ಬರೋರಿಗೂ ಇದೇ ಹೆಸರು.

ಈ ಸೆಮಿಸ್ಟರ್ ನಮಗ ಅಕೌಂಟೆನ್ಸಿ ಹೇಳ್ತಿದ್ದ ಅತಿಥಿ ಉಪನ್ಯಾಸಕರು ನಡುವೆನೇ ಬಿಟ್ಟು ಹೋದ್ರು. ಈಗ ಜಹೀರಾಬಾದ್ ಕಡೆ ಒಂದು ಕಂಪನಿಯಾಗ ಲೆಕ್ಕ ನೋಡ್ತಾರ. ‘ರೊಕ್ಕಕ್ಕ ಹೋದ್ರು’ ಅಂದ ಕ್ಲಾಸಿನ ಒಬ್ಬ ಗೆಳೆಯ. ನನಗೂ ಬಿ.ಕಾಂ. ಆದ ಮ್ಯಾಲ ಎಂ.ಕಾಂ. ಮಾಡಿ ಕಲಿಸೋ ಕೆಲಸಕ್ಕ ಹೋಗಬೇಕಂತ ಆಸೆ ಅದ. ಅದಕ್ಕ ಈ ಮಾತಿನ ಹಿಂದಿನ ಇತಿಹಾಸ ಹುಡುಕಿದೆ. ಸಿಕ್ಕಿದ್ದು ಇಷ್ಟು: ಮಾಸ್ತರ್ ರೊಕ್ಕ ಕೇಳಿದಾಗೆಲ್ಲಾ ಸಮಾಜ ಗೌರವದ ಮಾತು ಆಡ್ಯದ. ಇದು ನಿನ್ನೆ ಮೊನ್ನೆಯ ಜಗಳ ಅಲ್ಲ.

ಕಂತು 2/7 | ಕೂಲಿಮಠ

ಸರ್ಕಾರಿ ಶಾಲೆ ಬರೋಕ್ಕಿಂತ ಮುಂಚೆ ಕನ್ನಡದ ಹಳ್ಳಿಗಳಲ್ಲಿ ಓದು ಬರಹ ಕಲಿಸ್ತಿದ್ದದ್ದು ಕೂಲಿಮಠ. ಜಗಲಿ ಮ್ಯಾಲೋ ಗುಡಿಯಾಗೋ ಅಯ್ಯನವರು ಮಕ್ಕಳನ್ನ ಕೂಡಿಸಿ, ಮರಳಿನ ಮ್ಯಾಲೆ ಬೆರಳಿನಿಂದ ಅಕ್ಷರ ತಿದ್ದಿಸ್ತಿದ್ರು. ತಪ್ಪು ಮಾಡಿದವರಿಗೆ ಹಗ್ಗಕ್ಕ ಜೋತು ಬಿಡಿಸೋ ಕೋದಂಡದ ಶಿಕ್ಷೆ. ಆ ಕಥೆ ಎಲ್ಲರಿಗೂ ಗೊತ್ತು. ಅಯ್ಯನವರ ಹೊಟ್ಟೆಗೆ ಏನು ಸಿಗ್ತಿತ್ತು ಅನ್ನೋ ಕಥೆ ಮಾತ್ರ ಯಾರೂ ಹೇಳಲ್ಲ.

ಸಿಗ್ತಿದ್ದದ್ದು ಮಕ್ಕಳ ಮನೆಯವರು ಕೊಟ್ಟ ಕಾಳು, ಒಂದಿಷ್ಟು ಕಾಸು, ಹಬ್ಬದ ದಿನ ಕಾಣಿಕೆ. ಹಳೇ ಮೈಸೂರು, ಮಲೆನಾಡಿನ ಕಡೆ ಮಹಾನವಮಿಗೆ ಮಕ್ಕಳನ್ನ ಕರ್ಕೊಂಡು ಮನೆಮನೆಗೆ ಹಾಡ್ತಾ ಹೋಗಿ ಕಾಣಿಕೆ ಕೂಡಿಸೋ ಪದ್ಧತಿ ಇತ್ತು. ಮಾಸ್ತರ್‌ನ ಬೋನಸ್ ಅದು ಅನ್ಕೊಳ್ರಿ.

1823ರಲ್ಲಿ ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಬೆಲ್ ತನ್ನ ಜಿಲ್ಲೆಯ ಶಾಲೆಗಳ ಲೆಕ್ಕ ಕೊಟ್ಟ. ಬಳ್ಳಾರಿ 1800ರ ತನಕ ನಿಜಾಮನ ಕೈಯಾಗ ಇದ್ದ ನಾಡು, ಹಂಗಾಗಿ ನಮಗೂ ದೂರದ್ದಲ್ಲ. ಒಟ್ಟು ಶಾಲೆ 533, ಮಕ್ಕಳು 6,641. ಅದರಾಗ ಕನ್ನಡ ಶಾಲೆ 235. ಭಾಗಾಕಾರ ಮಾಡಿದ್ರ ಒಂದು ಶಾಲೆಗೆ ಹನ್ನೆರಡು ಹದಿಮೂರು ಮಕ್ಕಳು. ಅಂದ್ರ ಹನ್ನೆರಡು ಮನೆ ಸೇರಿ ಒಂದು ಮಾಸ್ತರ್ ಮನೆ ನಡೆಸಬೇಕು.

ಮೊದಲು ಶಾಲೆ ಇದ್ದ ಎಷ್ಟೋ ಊರುಗಳಲ್ಲಿ ಈಗ ಶಾಲೆ ಇಲ್ಲ ಅಂತ ಕ್ಯಾಂಬೆಲ್ ಬರೆದಿದ್ದಾನ. ಕಾರಣ ಅವನೇ ಕೊಡ್ತಾನ: ನಾಡು ಬಡವಾಗ್ಯದ, ಹೆತ್ತವರ ಕೈಯಾಗ ಮಾಸ್ತರ್‌ಗೆ ಕೊಡೋ ಶಕ್ತಿ ಉಳಿದಿಲ್ಲ. ಮಾಸ್ತರ್‌ಗೆ ಶ್ರದ್ಧೆ ಕಮ್ಮಿ ಆಯ್ತು ಅಂತ ಅವನು ಬರೆದಿಲ್ಲ. ಕಾಳು ನಿಂತ್ರ ಮಠ ನಿಂತಿತು, ಅಷ್ಟೇ. ‘ಕೂಲಿಮಠ’ ಅನ್ನೋ ಹೆಸರೇ ಈ ಸತ್ಯ ಹೇಳ್ತದ. ಮಠದ ಜೊತೆ ಕೂಲಿ ಅಂತ ಸೇರಿಸಿ ಕರಿಯೋಕ ಆಗ ಯಾರಿಗೂ ನಾಚಿಕೆ ಇದ್ದಿಲ್ಲ.

ಕಂತು 3/7 | ಟಿಳಕರು ರಾಜೀನಾಮೆ ಕೊಟ್ಟ ಜಗಳ

ನಮ್ಮ ಮನ್ನಾಏಖೇಳ್ಳಿ ಹೈವೇ ಹಿಡಿದು ಪಶ್ಚಿಮಕ್ಕ ಹೋದ್ರ ಹುಮನಾಬಾದ್, ಸೋಲಾಪುರ, ಆಮೇಲೆ ಪುಣೆ. ಮಾಸ್ತರ್ ಪಗಾರದ ಬಗ್ಗೆ ನಮ್ಮ ದೇಶದಾಗ ನಡೆದ ದೊಡ್ಡ ಜಗಳದಾಗ ಒಂದು ಆ ಪುಣೆದಾಗೇ ಆಯ್ತು.

1880ರಲ್ಲಿ ಬಾಲ ಗಂಗಾಧರ ಟಿಳಕ, ಅಗರ್ಕರ್, ಚಿಪಳೂಣಕರ್ ಸೇರಿ ನ್ಯೂ ಇಂಗ್ಲಿಷ್ ಸ್ಕೂಲ್ ಕಟ್ಟಿದ್ರು. 1884ರಲ್ಲಿ ಡೆಕ್ಕನ್ ಎಜುಕೇಶನ್ ಸೊಸೈಟಿ, 1885ರಲ್ಲಿ ಫರ್ಗ್ಯುಸನ್ ಕಾಲೇಜು. ಪದವಿ ಪಡೆದವರಿಗೆ ಸರ್ಕಾರಿ ನೌಕರಿ ಸುಲಭವಾಗಿ ಸಿಗ್ತಿದ್ದ ಕಾಲ ಅದು. ಇವರು ಅದನ್ನ ಬಿಟ್ಟು ಆಜೀವ ಸದಸ್ಯರಾಗಿ ತಿಂಗಳಿಗೆ 75 ರೂಪಾಯಿ ತಗೊಂಡು ಕಲಿಸೋಕ ನಿಂತ್ರು.

ಸಂಸಾರ ಬೆಳೀತು, ಖರ್ಚು ಬೆಳೀತು. ಪಗಾರ ಸ್ವಲ್ಪ ಹೆಚ್ಚಿಸೋಣ, ಹೊರಗಿನ ಕೆಲಸ ಮಾಡಿ ಗಳಿಸೋಕ ಬಿಡೋಣ ಅಂತ ಕೆಲವರು ಕೇಳಿದ್ರು. ಟಿಳಕರು ಒಪ್ಪಲಿಲ್ಲ. ಆಜೀವ ಸದಸ್ಯ ತನ್ನ ಪೂರ್ತಿ ಹೊತ್ತು ಸಂಸ್ಥೆಗೇ ಕೊಡಬೇಕು, ಹೊರಗಿನ ಗಳಿಕೆ ಬ್ಯಾಡ ಅನ್ನೋದು ಅವರ ನಿಲುವು. ಗೋಪಾಲಕೃಷ್ಣ ಗೋಖಲೆ ಸಾರ್ವಜನಿಕ ಸಭೆಯ ಕಾರ್ಯದರ್ಶಿ ಆಗೋಕ ಒಪ್ಪಿದ್ದೂ ಟಿಳಕರಿಗೆ ಸರಿ ಬರಲಿಲ್ಲ. ಕೊನೆಗೆ 1890ರಲ್ಲಿ ಟಿಳಕರೇ ರಾಜೀನಾಮೆ ಕೊಟ್ಟು ಹೊರಬಂದ್ರು.

ಇಲ್ಲಿ ಯಾರನ್ನ ಹಣದಾಸೆಯವರು ಅಂತೀರಿ? ಎರಡೂ ಕಡೆಯವರು ದೊಡ್ಡ ನೌಕರಿ ಬಿಟ್ಟು ಬಂದವರೇ. ಜಗಳ ಇದ್ದದ್ದು ಬ್ಯಾರೆ ಪ್ರಶ್ನೆ ಮ್ಯಾಲೆ: ಮಾಸ್ತರ್ ಅಂದ್ರ ಸನ್ಯಾಸಿನೋ, ಸಂಸಾರಸ್ಥನೋ? ಆ ಪ್ರಶ್ನೆ ಇನ್ನೂ ಬಗೆಹರಿದಿಲ್ಲ.

ಕಂತು 4/7 | ಬೆಳಗಾವಿಯ ಏಳು ಜನ, ಭಾಲ್ಕಿಯ ಜೋಳಿಗೆ

ಪುಣೆಯ ಆ ಆಜೀವ ಸದಸ್ಯರ ಪದ್ಧತಿ ಕನ್ನಡನಾಡಿಗೂ ಬಂತು. 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆ ಶುರುವಾಯಿತು. ಕಟ್ಟಿದ ಏಳು ಜನರನ್ನ ಇವತ್ತಿಗೂ ಸಪ್ತರ್ಷಿಗಳು ಅಂತ ಕರೀತಾರ. ಶಿ.ಶಿ. ಬಸವನಾಳ, ಎಂ.ಆರ್. ಸಾಖರೆ, ಎಚ್.ಎಫ್. ಕಟ್ಟೀಮನಿ, ಬಿ.ಬಿ. ಮಮದಾಪುರ ಅವರಾಗ ಇದ್ದವರು. ಕಲಿತ ತರುಣರು ತಮ್ಮ ಆಯುಷ್ಯವನ್ನೇ ಬಂಡವಾಳ ಮಾಡಿ ಹೂಡಿದ್ರು.

ನಮ್ಮ ಬೀದರ್ ಆಗ ಹೈದರಾಬಾದ್ ಸಂಸ್ಥಾನದಾಗ ಇತ್ತು. ಆಡಳಿತ ಉರ್ದು, ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಠವೂ ಉರ್ದು. ಅಂಥ ಕಾಲದಾಗ ಭಾಲ್ಕಿಯ ಡಾ. ಚನ್ನಬಸವ ಪಟ್ಟದೇವರು ಹೊರಗ ಉರ್ದು ಬೋರ್ಡ್ ಹಾಕಿ ಒಳಗ ಕನ್ನಡ ಕಲಿಸಿದ್ದು ನಮ್ಮ ಜಿಲ್ಲೆಯ ಮಕ್ಕಳಿಗೆಲ್ಲಾ ಗೊತ್ತು. ಶಾಲೆ ನಡೆಸೋಕ ಅವರು ಜೋಳಿಗೆ ಹಿಡಿದು ಊರೂರು ತಿರುಗಿದ್ರು. ಶಾಲೆ ಅಂದ್ರ ಗೋಡೆ, ಹಲಗೆ ಅಷ್ಟೇ ಅಲ್ಲ, ಕಲಿಸೋರ ಹೊಟ್ಟೆನೂ ಅದರಾಗ ಬರ್ತದ. ಜೋಳಿಗೆ ಹಿಡಿಯೋರು ಪಟ್ಟದೇವರು, ಮಾಸ್ತರ್ ಅಲ್ಲ. ಈ ವ್ಯತ್ಯಾಸ ನೆನಪಿಟ್ಕೊಳ್ರಿ.

ಇನ್ನೊಬ್ಬರು ಸ್ವಾಮಿ ರಮಾನಂದ ತೀರ್ಥರು. ಮರಾಠವಾಡದ ಹಿಪ್ಪರಗಾ, ಅಂಬಾಜೋಗಾಯಿ ಶಾಲೆಗಳಲ್ಲಿ ಕಲಿಸ್ತಿದ್ದವರು ಆ ಕೆಲಸ ಬಿಟ್ಟು 1938ರಲ್ಲಿ ನಿಜಾಮನ ವಿರುದ್ಧ ಸತ್ಯಾಗ್ರಹಕ್ಕ ಇಳಿದ್ರು. ಜೈಲಿಗೆ ಹೋದ್ರು. ಅವರು ಶಾಲೆ ಬಿಟ್ಟದ್ದಕ್ಕ ಯಾರೂ ‘ಮಕ್ಕಳ ಗತಿ ಏನು’ ಅಂತ ಬೈಯಲಿಲ್ಲ. ತ್ಯಾಗ ಅಂದ್ರು, ಸರಿಯಾಗೇ ಅಂದ್ರು.

ಅಂದ್ರ ಮಾಸ್ತರ್ ಕೆಲಸ ಬಿಡೋದೇ ತಪ್ಪು ಅಂತ ನಮ್ಮ ಸಮಾಜ ಯಾವತ್ತೂ ಹೇಳಿಲ್ಲ. ದೇಶಕ್ಕ ಬಿಟ್ರ ಪಟ್ಟ ಕಟ್ತದ. ಮನೆ ಬಾಡಿಗೆ ಕಟ್ಟೋಕ ಬಿಟ್ರ ಮಾತ್ರ ಮಾರಿ ತಿರುಗಿಸ್ತದ.

ಕಂತು 5/7 | ಕಲ್ಯಾಣದ ಹೆಸರು ಹೇಳಿ ಬಾಯಿ ಮುಚ್ಚಿಸೋದು

ನಮ್ಮ ಕಡೆ ಪಗಾರ ಕೇಳಿದ ಮಾಸ್ತರ್‌ಗೆ ಕೊಡೋ ರೆಡಿಮೇಡ್ ಉತ್ತರ ಒಂದು ಅದ: ಇದು ಕಾಯಕದ ನಾಡು, ಸೇವೆ ಅಂತ ಮಾಡ್ರಿ. ಬಸವಕಲ್ಯಾಣ ನಮಗ ಹತ್ತಿರ, ಅದಕ್ಕ ಈ ಉತ್ತರ ಇಲ್ಲಿ ಇನ್ನೂ ಜೋರು.

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನ ಕಥೆ ನೋಡ್ರಿ. ಕಲ್ಯಾಣದಾಗ ಬಸವಣ್ಣನ ಮನೆ ಅಂಗಳದಾಗ ಬಿದ್ದ ಅಕ್ಕಿ ಆಯ್ದು ತರೋದು ಮಾರಯ್ಯನ ಕಾಯಕ. ಒಂದು ದಿನ ದಿನದ ಲೆಕ್ಕಕ್ಕಿಂತ ಹೆಚ್ಚು ತಂದ. ಲಕ್ಕಮ್ಮ ಒಪ್ಪಲಿಲ್ಲ, ಹೆಚ್ಚಿನದನ್ನ ಅಲ್ಲೇ ಸುರಿದು ಬಾ ಅಂತ ಕಳಿಸಿದಳು. ಈ ಕಥೆ ಹೇಳಿ ‘ನೋಡ್ರಿ, ಆಸೆ ಬ್ಯಾಡ’ ಅಂತಾರ.

ಕಥೆಯ ಇನ್ನೊಂದು ಮಗ್ಗಲು ಅದ. ಲಕ್ಕಮ್ಮ ಹೆಚ್ಚಿನ ಅಕ್ಕಿ ಬ್ಯಾಡ ಅಂದಳು, ಆ ದಿನದ ಅಕ್ಕಿ ಬ್ಯಾಡ ಅನ್ನಲಿಲ್ಲ. ದಿನದ್ದು ದಿನಕ್ಕ ಪೂರ್ತಿ ಸಿಗ್ತಿತ್ತು, ಅದಕ್ಕೇ ಹೆಚ್ಚಿಗೆ ಬ್ಯಾಡ ಅನ್ನೋಕ ಬಂತು. ಅರ್ಧ ಹೊಟ್ಟೆಯವರಿಗೆ ಆ ಕಥೆ ಹೇಳೋದು ಲಕ್ಕಮ್ಮನಿಗೇ ಮಾಡೋ ಅನ್ಯಾಯ. ಕಾಯಕ ಅಂದ್ರ ಬಿಟ್ಟಿ ಚಾಕರಿ ಅಲ್ಲ. ಬಸವಣ್ಣನೇ ಬಿಜ್ಜಳನ ಭಂಡಾರದಾಗ ಲೆಕ್ಕ ಬರೆದವನು. ಕಾಮರ್ಸ್ ಓದೋರ ಪಾಲಿಗೆ ನಮ್ಮ ಹಿರಿಯ ಅವನೇ. ಬರಬೇಕಾದ್ದು, ಕೊಡಬೇಕಾದ್ದು ಎರಡೂ ಕಾಲಂ ಸರಿ ಇರಬೇಕು ಅಂತ ಅವನಿಗೆ ಯಾರೂ ಹೇಳಿಕೊಡಬೇಕಾಗಿದ್ದಿಲ್ಲ.

ಕಂತು 6/7 | ಈಗಿನ ಲೆಕ್ಕ

2021ರ ಡಿಸೆಂಬರ್‌ನಲ್ಲಿ ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರು ರಾಜ್ಯದ ತುಂಬಾ ತರಗತಿ ಬಹಿಷ್ಕರಿಸಿದ್ರು. ಆಗ ಅವರ ಗೌರವಧನ ಅರ್ಹತೆ ನೋಡಿ 11,000 ಇಲ್ಲ 13,000 ರೂಪಾಯಿ. 2022ರ ಜನವರಿಯಲ್ಲಿ ಸರ್ಕಾರ ಅದನ್ನ 26,000ದಿಂದ 32,000ದ ತನಕ ಏರಿಸಿತು. ಜೊತೆಗೆ ವಾರಕ್ಕ 8-10 ಗಂಟೆ ಇದ್ದ ಪಾಠವನ್ನ 15 ಗಂಟೆ ಮಾಡಿತು.

ಇಲ್ಲಿ ಬಿ.ಕಾಂ. ಲೆಕ್ಕ ಹಾಕೋಣ. ತಿಂಗಳಿಗೆ ನಾಲ್ಕು ವಾರ ಹಿಡೀರಿ. ಮೊದಲು ವಾರಕ್ಕ 8 ಗಂಟೆ ಅಂದ್ರ ತಿಂಗಳಿಗೆ 32 ಗಂಟೆ. 13,000 ಭಾಗಿಸಿದ್ರ ಗಂಟೆಗೆ ಸುಮಾರು 406 ರೂಪಾಯಿ. ಆಮೇಲೆ 60 ಗಂಟೆಗೆ 32,000, ಗಂಟೆಗೆ ಸುಮಾರು 533. ತಿಂಗಳ ರೊಕ್ಕ ಎರಡೂವರೆ ಪಟ್ಟು ಹತ್ರ ಬಂತು, ಗಂಟೆಯ ರೊಕ್ಕ ಮೂರನೇ ಒಂದು ಪಾಲಿನಷ್ಟೂ ಏರಲಿಲ್ಲ. ಮೊದಲು 10 ಗಂಟೆ ಇದ್ದವರಿಗೆ ಗಂಟೆಗೆ 325 ಬೀಳ್ತಿತ್ತು, ಅವರಿಗೆ ಸ್ವಲ್ಪ ಹೆಚ್ಚು ಲಾಭ.

ಇನ್ನೊಂದು ಮಗ್ಗಲು: ಒಂದು ಕಾಲೇಜಿನಾಗ ವಾರಕ್ಕ 150 ಗಂಟೆ ಪಾಠ ಅದ ಅನ್ಕೊಳ್ರಿ. 8 ಗಂಟೆ ಲೆಕ್ಕಕ್ಕ 19 ಜನ ಬೇಕು, 15 ಗಂಟೆ ಲೆಕ್ಕಕ್ಕ 10 ಜನ ಸಾಕು. ಉಳಿದ 9 ಜನ? ಅವರು ಕೆಲಸ ಬಿಡಲಿಲ್ಲ, ಕೆಲಸವೇ ಅವರನ್ನ ಬಿಟ್ಟಿತು. ಆ ಭಯ ಆಗ ಎಲ್ಲಾ ಕಾಲೇಜಿನಾಗೂ ಇತ್ತು.

2023ರ ನವೆಂಬರ್‌ನಲ್ಲಿ ಸೇವಾ ಭದ್ರತೆಗಾಗಿ ಮತ್ತೆ ಹೋರಾಟ. ಸರ್ಕಾರ ಸೇವಾವಧಿ ನೋಡಿ 5,000ದಿಂದ 8,000 ಹೆಚ್ಚಿಸ್ತೀವಿ ಅಂತು. ಕಾಯಂ ಮಾತ್ರ ಮಾಡಲಿಲ್ಲ.

ಶಾಲೆ ಕಡೆ ಬರ್ರಿ. ಏಳನೇ ವೇತನ ಆಯೋಗದ ಪ್ರಕಾರ 2024ರ ಆಗಸ್ಟ್ 1ರಿಂದ ರಾಜ್ಯ ಸರ್ಕಾರಿ ನೌಕರರ ಕನಿಷ್ಠ ಮೂಲ ವೇತನ 17,000ದಿಂದ 27,000 ಆಯಿತು. ಅದೇ ವರ್ಷ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರಿಗೆ 10,000. 2025-26ರ ಬಜೆಟ್‌ನಲ್ಲಿ 2,000 ಏರಿತು. ಒಂದೇ ಸ್ಟಾಫ್ ರೂಮು, ಒಂದೇ ಪಾಠ, ಒಬ್ಬರಿಗೆ ವೇತನ, ಒಬ್ಬರಿಗೆ ಗೌರವಧನ.

ಕಾಯಂ ಇದ್ದವರಿಗೆ ಎಲ್ಲಾ ಸುಖ ಅಂತೂ ಅಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಬ್ಯಾರೆ ಕೆಲಸಕ್ಕ ಶಿಕ್ಷಕರನ್ನ ಹಚ್ಚುವಂತಿಲ್ಲ. ಆದ್ರೂ 2025ರ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಗೆ ಮನೆಮನೆ ಬಾಗಿಲು ಬಡಿದವರು ಅವರೇ. ಅದು ಮುಗಿಸೋಕ ದಸರಾ ರಜೆಯನ್ನೇ ಅಕ್ಟೋಬರ್ 18ರ ತನಕ ಮುಂದಕ್ಕ ಹಾಕಿದ್ರು.

ಕಂತು 7/7 | ಹಂಗಾದ್ರ?

ಕಲಿಸೋದು ಬರೀ ರೊಕ್ಕದ ಕೆಲಸ ಅಂತ ನಾನು ಹೇಳಲ್ಲ. ರೊಕ್ಕವೇ ಬೇಕಂದ್ರ ಎಂ.ಕಾಂ. ಓದಿ, ಎನ್.ಇ.ಟಿ. ಬರೆದು, ತಿಂಗಳ ಕೊನೆಗೆ ಗೌರವಧನ ಜಮಾ ಆಯ್ತೋ ಇಲ್ಲೋ ಅಂತ ಮೊಬೈಲ್ ನೋಡ್ತಾ ಯಾರೂ ಕೂಡಲ್ಲ. ಪ್ರೀತಿ ಇದ್ದದ್ದಕ್ಕೇ ಬರ್ತಾರ. ಆದ್ರ ಪ್ರೀತಿಯನ್ನ ಪಗಾರದ ಕಾಲಂನಾಗ ಬರೆದು ಲೆಕ್ಕ ಸರಿಮಾಡೋದು ತಪ್ಪು. ಅಕೌಂಟೆನ್ಸಿ ಪರೀಕ್ಷೆದಾಗ ಹಂಗ ಬರೆದ್ರ ಒಂದು ಮಾರ್ಕ್ಸ್ ಬರಲ್ಲ.

ಕೂಲಿಮಠದ ಅಯ್ಯನವರಿಗೆ ಕಾಳು ನಿಂತಾಗ ಮಠ ಮುಚ್ಚಿತು. ಪುಣೆಯ ಆಜೀವ ಸದಸ್ಯರಿಗೂ ಒಂದು ದಿನ 75 ರೂಪಾಯಿ ಸಾಲದಾಯ್ತು. ಭಾಲ್ಕಿಯಾಗ ಸಂಸ್ಥೆ ಕಟ್ಟಿದವರೇ ಜೋಳಿಗೆ ಹಿಡಿದ್ರು. ಈಗ ಸಂಸ್ಥೆ ಅಂದ್ರ ಸರ್ಕಾರ, ಆಡಳಿತ ಮಂಡಳಿ. ಜೋಳಿಗೆ ಹಿಡಿಯೋ ಪಾಳಿ ಅವರದು, ಕಲಿಸೋರದಲ್ಲ.

ನಾನು ಎಂ.ಕಾಂ. ಅರ್ಜಿ ಹಾಕ್ತೀನಿ. ಆದ್ರ ನಾಳೆ ಯಾರಾದರೂ ‘ಎಷ್ಟು ಪಗಾರ ಬೇಕು’ ಅಂತ ಕೇಳಿದ್ರ ನಾಚಿಕೊಂಡು ‘ನೀವು ಕೊಟ್ಟಷ್ಟು’ ಅನ್ನಲ್ಲ.

ನಿಮಗೊಂದು ಕೆಲಸ: ನಿಮ್ಮ ಮನೆಯಾಗ, ಓಣಿಯಾಗ ಮಾಸ್ತರ್, ಟೀಚರಮ್ಮ ಆಗಿದ್ದು ಬಿಟ್ಟವರು ಇದ್ರ ಕೇಳ್ರಿ. ಮೊದಲ ತಿಂಗಳು ಎಷ್ಟು ಬಂತು, ಯಾವ ವರ್ಷ, ಯಾಕ ಬಿಟ್ರು? ಕಾಮೆಂಟಿನಾಗ ಅವರ ಹೆಸರು ಬ್ಯಾಡ, ಶಾಲೆ ಹೆಸರೂ ಬ್ಯಾಡ. ವರ್ಷ, ಪಗಾರ, ಕಾರಣ ಮೂರೇ ಬರೀರಿ. ಎಲ್ಲಾ ಕೂಡಿಸಿ ಒಂದು ಪಟ್ಟಿ ಮಾಡಿ ಮುಂದಿನ ಪೋಸ್ಟ್ ಹಾಕ್ತೀನಿ. ನಮ್ಮ ಕಡೆ ಮಾಸ್ತರ್‌ಗಳ ಇತಿಹಾಸ ಅಲ್ಲೇ ಅದ.

#ನಮ್ಮಕಡೆಇತಿಹಾಸ #ಮನ್ನಾಏಖೇಳ್ಳಿ #ಬೀದರ್ #ಕಲ್ಯಾಣಕರ್ನಾಟಕ #ಮಾಸ್ತರ್ #ಅತಿಥಿಉಪನ್ಯಾಸಕರು