ಟೇಪಿನಿಂದ ಡಿಸ್ಕಿಗೆ: ಸದ್ದು–ಚಿತ್ರಗಳಿಗೆ ಜಾಗ ಹುಡುಕಿದ ಕಥೆ

ಪ್ರಯೋಗಾಲಯದಲ್ಲಿ ಮಾಡಿದ ಒಂದು ಪ್ರಯೋಗವನ್ನು ವಿಡಿಯೊ ಮಾಡಿ, ಅದಕ್ಕೆ ವಿವರಣೆಯ ಧ್ವನಿ ಸೇರಿಸಬೇಕೆಂದು ನೀವು ಹೊರಟಿದ್ದೀರಿ ಎನ್ನಿ. ಇದಕ್ಕೆ ಎಂಥ ಕಂಪ್ಯೂಟರ್ ಬೇಕೆಂದು ಅಂಗಡಿಯಲ್ಲಿ ಕೇಳಿದರೆ ಮಾತು ಸಾಮಾನ್ಯವಾಗಿ ಪ್ರೊಸೆಸರಿನಿಂದ ಶುರುವಾಗುತ್ತದೆ. ಆದರೆ ಈ ಕ್ಷೇತ್ರದ ಚರಿತ್ರೆಯನ್ನು ತಿರುವಿ ನೋಡಿ. ಎಂಜಿನಿಯರುಗಳ ನಿದ್ದೆ ಕೆಡಿಸಿದ ಪ್ರಶ್ನೆ ಬೇರೆಯೇ ಇತ್ತು: ಇಷ್ಟೊಂದು ಸದ್ದು ಮತ್ತು ಚಿತ್ರವನ್ನು ಎಲ್ಲಿ ಇಡುವುದು? ಬೇಕಾದ ತುಣುಕನ್ನು ಎಷ್ಟು ಬೇಗ ಹೊರತೆಗೆಯುವುದು? ಕೆಟ್ಟುಹೋದರೆ ಗತಿಯೇನು?

ಮೊದಲು ಸ್ವಲ್ಪ ಭೌತವಿಜ್ಞಾನ. 1950ರ ದಶಕದ ಧ್ವನಿಮುದ್ರಣ ಕೊಠಡಿಗಳಲ್ಲಿ ಕಾಂತೀಯ ಟೇಪು ಸೆಕೆಂಡಿಗೆ 38 ಸೆಂಮೀ ವೇಗದಲ್ಲಿ ಓಡುತ್ತಿತ್ತು. 15,000 ಹರ್ಟ್ಸ್ ಆವೃತ್ತಿಯ ಸದ್ದನ್ನು ಮುದ್ರಿಸಿದಾಗ ಟೇಪಿನ ಮೇಲೆ ಒಂದು ತರಂಗಕ್ಕೆ ಸಿಗುವ ಜಾಗ 38 ÷ 15,000 ಸೆಂಮೀ, ಎಂದರೆ ಸುಮಾರು 25 ಮೈಕ್ರೊಮೀಟರ್. ಅಂದಿನ ಮುದ್ರಣ ಹೆಡ್ಡುಗಳಿಗೆ ಇದು ಸಲೀಸು. ಟೆಲಿವಿಷನ್ ಚಿತ್ರದ ಸಂಕೇತವೋ 3 ಮೆಗಾಹರ್ಟ್ಸ್ ದಾಟುತ್ತದೆ. ಅದೇ ವೇಗದ ಟೇಪಿನಲ್ಲಿ ಒಂದು ತರಂಗಕ್ಕೆ ಸಿಗುವುದು ಸುಮಾರು 0.13 ಮೈಕ್ರೊಮೀಟರ್. ಅಷ್ಟು ಸೂಕ್ಷ್ಮವಾದ ಗುರುತನ್ನು ಮೂಡಿಸಬಲ್ಲ ಹೆಡ್ಡು ಆಗ ಇರಲಿಲ್ಲ.

ಹಾಗಾದರೆ ಟೇಪನ್ನೇ ಜೋರಾಗಿ ಓಡಿಸಿದರೆ? ಬ್ರಿಟನ್ನಿನ ಬಿಬಿಸಿ 1952ರಲ್ಲಿ ಕೈಹಾಕಿದ 'ವೆರಾ' ಯಂತ್ರ ಮಾಡಿದ್ದು ಅದನ್ನೇ. ಟೇಪಿನ ವೇಗ ಸೆಕೆಂಡಿಗೆ 5 ಮೀಟರಿಗಿಂತ ಹೆಚ್ಚು. ಕಾಲು ಗಂಟೆಯ ಕಾರ್ಯಕ್ರಮಕ್ಕೆ ನಾಲ್ಕೂವರೆ ಕಿಲೊಮೀಟರ್ ಟೇಪು! ಅಮೆರಿಕದ ಆಂಪೆಕ್ಸ್ ಕಂಪನಿಯಲ್ಲಿ ಚಾರ್ಲ್ಸ್ ಗಿನ್ಸ್‌ಬರ್ಗ್ ಅವರ ತಂಡ ಬೇರೆ ದಾರಿ ಹಿಡಿಯಿತು. ಟೇಪು ತನ್ನ ಪಾಡಿಗೆ 38 ಸೆಂಮೀ ವೇಗದಲ್ಲಿ ಹೋಗಲಿ, ಹೆಡ್ಡೇ ತಿರುಗಲಿ. ನಿಮಿಷಕ್ಕೆ 14,400 ಸುತ್ತು ತಿರುಗುವ ಗಾಲಿಯ ಅಂಚಿನಲ್ಲಿ ನಾಲ್ಕು ಹೆಡ್ಡುಗಳು. ಎರಡು ಅಂಗುಲ ಅಗಲದ ಟೇಪಿಗೆ ಅಡ್ಡಲಾಗಿ ಅವು ಗೆರೆ ಎಳೆಯುತ್ತ ಹೋಗುತ್ತಿದ್ದವು. ಟೇಪಿಗೂ ಹೆಡ್ಡಿಗೂ ನಡುವಿನ ಸಾಪೇಕ್ಷ ವೇಗ ಸೆಕೆಂಡಿಗೆ ಸುಮಾರು 40 ಮೀಟರ್ ಆಯಿತು. ಮುಂದೆ ಶಬ್ದದ ಕರಕರ ತಗ್ಗಿಸುವ ವಿಧಾನದಿಂದ ಪ್ರಸಿದ್ಧರಾದ ರೇ ಡಾಲ್ಬಿ ಆಗಿನ್ನೂ ಓದುತ್ತಿದ್ದ ಹುಡುಗ. ಅವರೂ ಈ ತಂಡದಲ್ಲಿದ್ದರು. 1956ರ ಏಪ್ರಿಲ್‌ನಲ್ಲಿ ಷಿಕಾಗೋದಲ್ಲಿ ಇದರ ಪ್ರದರ್ಶನ ನಡೆಯಿತು. 'ವೆರಾ' ಜನರ ಮುಂದೆ ಬಂದದ್ದು 1958ರಲ್ಲಿ. ಬಿಬಿಸಿ ಕೂಡ ಬೇಗನೆ ಆಂಪೆಕ್ಸ್ ಯಂತ್ರಗಳಿಗೇ ಶರಣಾಯಿತು.

ಯಂತ್ರದ ಬೆಲೆ ಸುಮಾರು 50,000 ಡಾಲರ್. ಒಂದು ಗಂಟೆಯ ಟೇಪಿಗೇ ಸುಮಾರು 300 ಡಾಲರ್. ಈ ಎರಡನೆಯ ಅಂಕಿಯನ್ನು ಗಮನದಲ್ಲಿಡಿ. ಟೇಪು ದುಬಾರಿಯಾದರೆ ಜನ ಏನು ಮಾಡುತ್ತಾರೆ? ಹಳೆಯದನ್ನು ಅಳಿಸಿ ಅದರ ಮೇಲೆಯೇ ಹೊಸದನ್ನು ಮುದ್ರಿಸುತ್ತಾರೆ. ಬಿಬಿಸಿಯ 1960ರ ದಶಕದ ಎಷ್ಟೋ ಕಾರ್ಯಕ್ರಮಗಳು ಹೀಗೆಯೇ ಇಲ್ಲವಾದವು. 'ಡಾಕ್ಟರ್ ಹೂ' ಧಾರಾವಾಹಿಯ ಕೆಲವು ಕಂತುಗಳು ವಿದೇಶಗಳಿಗೆ ಮಾರಿದ್ದ ಫಿಲ್ಮ್ ಪ್ರತಿಗಳಿಂದ ಮರಳಿ ಸಿಕ್ಕಿದ್ದು ಅದೃಷ್ಟ. 1969ರಲ್ಲಿ ಅಪೊಲೊ–11 ಚಂದ್ರನಿಂದ ಕಳಿಸಿದ ಚಿತ್ರಸಂಕೇತವನ್ನು ನೇರವಾಗಿ ದಾಖಲಿಸಿದ್ದ ಟೇಪುಗಳನ್ನು ಬಹಳ ವರ್ಷ ಹುಡುಕಿದ ನಾಸಾ, ಅವನ್ನು ಅಳಿಸಿ ಮರುಬಳಕೆ ಮಾಡಿರಬೇಕೆಂಬ ತೀರ್ಮಾನಕ್ಕೆ 2009ರಲ್ಲಿ ಬಂದಿತು. ಟಿವಿ ಪ್ರಸಾರಕ್ಕೆಂದು ಮಾರ್ಪಡಿಸಿದ ಪ್ರತಿಗಳು ಉಳಿದಿದ್ದರಿಂದ ನಾವು ಆ ದೃಶ್ಯವನ್ನು ನೋಡುತ್ತಿದ್ದೇವೆ. ಅವುಗಳ ಸ್ಪಷ್ಟತೆ ಮೂಲದ್ದಕ್ಕಿಂತ ಕಡಿಮೆ.

ಟೇಪಿಗೆ ಇನ್ನೊಂದು ದೋಷವಿತ್ತು. ಅದರಲ್ಲಿ ಎಲ್ಲವೂ ಸಾಲಾಗಿಯೇ ಇರಬೇಕು. ಕೊನೆಯ ದೃಶ್ಯ ಬೇಕಿದ್ದರೆ ಪೂರ್ತಿ ಸುತ್ತಬೇಕು. ಮೊದಮೊದಲು ಸಂಕಲನವೆಂದರೆ ಟೇಪಿಗೆ ಕಬ್ಬಿಣದ ಕಣಗಳ ದ್ರವ ಸವರಿ, ಮೂಡಿದ ಗೆರೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಬ್ಲೇಡಿನಿಂದ ಕತ್ತರಿಸಿ ಅಂಟಿಸುವ ಕೆಲಸ. 1971ರಲ್ಲಿ ಸಿಬಿಎಸ್ ಮತ್ತು ಮೆಮೊರೆಕ್ಸ್ ಕಂಪನಿಗಳು ಸೇರಿ ತಂದ 'ಸಿಎಮ್‌ಎಕ್ಸ್ 600' ಈ ಕೆಲಸಕ್ಕೆ ಕಂಪ್ಯೂಟರನ್ನು ತಂದಿತು. ಪಿಡಿಪಿ–11 ಕಂಪ್ಯೂಟರ್, ಬೀರುವಿನಷ್ಟು ದೊಡ್ಡ ಡಿಸ್ಕು ಪೆಟ್ಟಿಗೆಗಳು, ಪರದೆಯನ್ನು ಮುಟ್ಟಿ ದೃಶ್ಯ ಆರಿಸಲು ಬೆಳಕಿನ ಪೆನ್ನು. ಇಷ್ಟಾದರೂ ಅದರಲ್ಲಿ ಹಿಡಿಯುತ್ತಿದ್ದುದು ಅರ್ಧ ಗಂಟೆಯ ಮಸುಕು ಕಪ್ಪು–ಬಿಳುಪು ಚಿತ್ರ. ಬೆಲೆ ಸುಮಾರು ಎರಡೂವರೆ ಲಕ್ಷ ಡಾಲರ್. ಕೊಂಡವರು ಬೆರಳೆಣಿಕೆಯಷ್ಟು ಮಂದಿ. ಯೋಚನೆ ಸರಿಯಿತ್ತು, ಡಿಸ್ಕು ಸಾಲದಾಗಿತ್ತು.

44,100 ಎಂಬ ಸಂಖ್ಯೆ ಎಲ್ಲಿಂದ ಬಂತು?

ಸಿಡಿಯಲ್ಲಿ ಸದ್ದನ್ನು ಸೆಕೆಂಡಿಗೆ 44,100 ಸಲ ಅಳೆದು ಇಟ್ಟಿರುತ್ತಾರೆ ಎಂದು ನೀವು ಓದಿರುತ್ತೀರಿ. ಕಿವಿಗೆ ಕೇಳುವ ಗರಿಷ್ಠ ಆವೃತ್ತಿ 20,000 ಹರ್ಟ್ಸ್; ಅದರ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆಯಬೇಕು ಎಂಬುದು ನೈಕ್ವಿಸ್ಟ್ ನಿಯಮ. ಸರಿ, 40,000 ದಾಟಬೇಕು. ಆದರೆ 42,000 ಅಲ್ಲದೆ, 45,000 ಅಲ್ಲದೆ, 44,100 ಏಕೆ? ತರಗತಿಯಲ್ಲಿ ಮಕ್ಕಳು ಕೇಳಲೇಬೇಕಾದ ಪ್ರಶ್ನೆ ಇದು.

ಉತ್ತರ ಇರುವುದು ಟೆಲಿವಿಷನ್ನಿನಲ್ಲಿ. 1970ರ ದಶಕದ ಕೊನೆಯಲ್ಲಿ ಅಂಕೀಯ ಧ್ವನಿಯನ್ನು ತುಂಬಿಡುವಷ್ಟು ಧಾರಾಳವಾದ, ಕೈಗೆಟಕುವ ಸಾಧನವೆಂದರೆ ವಿಡಿಯೊ ಟೇಪು ಒಂದೇ. ಹಾಗಾಗಿ ಸೋನಿಯಂಥ ಕಂಪನಿಗಳು ಧ್ವನಿಯ ಬಿಟ್‌ಗಳನ್ನು ಕಪ್ಪು–ಬಿಳಿ ಚುಕ್ಕೆಗಳ ಚಿತ್ರವಾಗಿ ಮಾಡಿ ವಿಡಿಯೊ ಕ್ಯಾಸೆಟ್ಟಿನಲ್ಲಿ ಮುದ್ರಿಸಿದವು. ಒಂದೊಂದು ಗೆರೆಯಲ್ಲಿ ಪ್ರತಿ ಚಾನೆಲ್ಲಿನ ಮೂರು ಅಳತೆಗಳು. ಅಮೆರಿಕ–ಜಪಾನ್ ಪದ್ಧತಿಯಲ್ಲಿ ಸೆಕೆಂಡಿಗೆ 60 ಕ್ಷೇತ್ರಗಳು, ಒಂದೊಂದರಲ್ಲಿ ಉಪಯೋಗಕ್ಕೆ ಬರುವ 245 ಗೆರೆಗಳು: 60 × 245 × 3 = 44,100. ಭಾರತವೂ ಅನುಸರಿಸಿದ 625 ಗೆರೆಗಳ ಪದ್ಧತಿಯಲ್ಲಿ 50 × 294 × 3. ಗುಣಿಸಿ ನೋಡಿ, ಅದೂ 44,100! ಎರಡೂ ಕಡೆಗೆ ಹೊಂದುವ ಸಂಖ್ಯೆಯೆಂದು ಅದು ನಿಂತಿತು, ಸಿಡಿಗೂ ಬಂತು. ಆ ವಿಡಿಯೊ ಕ್ಯಾಸೆಟ್ಟುಗಳು ಮೂಲೆಗೆ ಸೇರಿದರೂ ಸಂಖ್ಯೆ ಮಾತ್ರ ಉಳಿದುಕೊಂಡಿದೆ.

ಕಂಪ್ಯೂಟರ್ ಡಿಸ್ಕನ್ನು ಏಕೆ ಬಳಸಲಿಲ್ಲ ಎನ್ನುವಿರಾ? ಎರಡು ಚಾನೆಲ್, ಒಂದೊಂದು ಅಳತೆಗೆ 2 ಬೈಟು: ಸೆಕೆಂಡಿಗೆ 1,76,400 ಬೈಟು. ಸಿಡಿ ಮಾರುಕಟ್ಟೆಗೆ ಬಂದದ್ದು 1982ರಲ್ಲಿ. ಮರುವರ್ಷ ಬಂದ ಐಬಿಎಮ್ ಪಿಸಿ ಎಕ್ಸ್‌ಟಿಯ ಹಾರ್ಡ್ ಡಿಸ್ಕು 10 ಮೆಗಾಬೈಟಿನದು. ಭಾಗಿಸಿದರೆ, ಇಡೀ ಡಿಸ್ಕಿನಲ್ಲಿ ಒಂದು ನಿಮಿಷದ ಸಂಗೀತಕ್ಕೂ ಜಾಗವಿಲ್ಲ.

ಚಿತ್ರದ ಲೆಕ್ಕ ಇನ್ನೂ ದೊಡ್ಡದು. 720 × 576 ಬಿಂದುಗಳು, ಬಿಂದುವಿಗೆ 2 ಬೈಟು, ಸೆಕೆಂಡಿಗೆ 25 ಚಿತ್ರ: ಎರಡು ಕೋಟಿ ಬೈಟಿಗೂ ಹೆಚ್ಚು. ಗಂಟೆಗೆ 75 ಗಿಗಾಬೈಟು. 1989ರಲ್ಲಿ ಮ್ಯಾಕಿಂಟಾಷ್ ಮೇಲೆ ನಡೆಯುವ 'ಅವಿಡ್' ಸಂಕಲನ ವ್ಯವಸ್ಥೆ ಬಂದಾಗ ಚಿತ್ರವನ್ನು ವಿಪರೀತ ಕುಗ್ಗಿಸದೆ ಬೇರೆ ದಾರಿಯಿರಲಿಲ್ಲ. ಸಂಕಲನಕಾರ ಮಸುಕು ಚಿತ್ರ ನೋಡಿ ತೀರ್ಮಾನಿಸುತ್ತಿದ್ದ. ಆ ತೀರ್ಮಾನದ ಪಟ್ಟಿ ಹಿಡಿದು ಮೂಲ ಟೇಪನ್ನೋ ಫಿಲ್ಮನ್ನೋ ಜೋಡಿಸುತ್ತಿದ್ದರು. ಹೀಗೆ ಸಂಕಲನಗೊಂಡ 'ದಿ ಇಂಗ್ಲಿಷ್ ಪೇಷಂಟ್' ಚಿತ್ರಕ್ಕಾಗಿ ವಾಲ್ಟರ್ ಮರ್ಚ್ 1997ರಲ್ಲಿ ಆಸ್ಕರ್ ಪಡೆದರು.

ಆ ಕಾಲದ ಡಿಸ್ಕುಗಳಲ್ಲಿ ಒಂದು ವಿಚಿತ್ರ ತೊಂದರೆಯಿತ್ತು. ಬಿಸಿಯಾದಾಗ ತಟ್ಟೆಗಳು ಹಿಗ್ಗುತ್ತವೆ, ಹೆಡ್ಡು ದಾರಿ ತಪ್ಪುತ್ತದೆ. ಆದ್ದರಿಂದ ಡಿಸ್ಕು ಆಗಾಗ ಕೆಲಸ ನಿಲ್ಲಿಸಿ ಹೆಡ್ಡಿನ ಸ್ಥಾನ ಸರಿಪಡಿಸಿಕೊಳ್ಳುತ್ತಿತ್ತು. ಪತ್ರ ಟೈಪು ಮಾಡುವವನಿಗೆ ಇದು ಗೊತ್ತೇ ಆಗುತ್ತಿರಲಿಲ್ಲ. ಸಂಗೀತ ಮುದ್ರಿಸುತ್ತಿದ್ದವನಿಗೆ ಆ ಕ್ಷಣದ ಸ್ವರವೇ ಹೋಗುತ್ತಿತ್ತು. ಈ ವಿರಾಮವನ್ನು ಮುಂದೂಡಬಲ್ಲ 'ಎವಿ' ಡಿಸ್ಕುಗಳನ್ನು ಹೆಚ್ಚಿನ ಬೆಲೆಗೆ ಮಾರಿದರು. ಸರಾಸರಿ ವೇಗ ಎಷ್ಟು ಎನ್ನುವುದಕ್ಕಿಂತ ಎಡೆಬಿಡದೆ ಸಿಗುವ ವೇಗ ಎಷ್ಟು ಎಂದು ಕೇಳುವ ಅಭ್ಯಾಸ ಅಲ್ಲಿಂದ ಬೆಳೆಯಿತು. ಇಂದು ಮೆಮೊರಿ ಕಾರ್ಡು ಕೊಳ್ಳುವಾಗಲೂ ಕೇಳಬೇಕಾದದ್ದು ಇದನ್ನೇ.

ಹಲವು ಡಿಸ್ಕುಗಳ ಲೆಕ್ಕ

ಒಂದು ಡಿಸ್ಕು ಸಾಲದಿದ್ದರೆ ಹತ್ತನ್ನು ಜೋಡಿಸಿದರಾಯಿತಲ್ಲ? ಬರ್ಕ್ಲಿಯ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕಾಟ್ಜ್ 1988ರ ಪ್ರಬಂಧದಲ್ಲಿ ಇದರ ಅಪಾಯವನ್ನು ಲೆಕ್ಕ ಹಾಕಿ ತೋರಿಸಿದರು. ಒಂದು ಡಿಸ್ಕು ಸರಾಸರಿ 30,000 ಗಂಟೆ ಬಾಳಿದರೆ, ನೂರು ಡಿಸ್ಕುಗಳ ಗುಂಪಿನಲ್ಲಿ ಯಾವುದಾದರೂ ಒಂದು ಕೆಡಲು 300 ಗಂಟೆ ಸಾಕು; ಎರಡು ವಾರವೂ ಇಲ್ಲ. ಅವರು ಚರ್ಚಿಸಿದ ಪರಿಹಾರಗಳಲ್ಲಿ ಒಂದು ಸಮ–ಬೆಸದ್ದು. ಮೂರು ಡಿಸ್ಕುಗಳಲ್ಲಿ ಒಂದೇ ಸ್ಥಾನದ ಬಿಟ್‌ಗಳು 1, 0, 1 ಎನ್ನಿ. ಒಟ್ಟು 1ಗಳ ಸಂಖ್ಯೆ ಸಮವಾಗಿರುವಂತೆ ನಾಲ್ಕನೆಯ ಡಿಸ್ಕಿನಲ್ಲಿ 0 ಬರೆಯಿರಿ. ಎರಡನೆಯ ಡಿಸ್ಕು ಸತ್ತಿತು. ಉಳಿದದ್ದು 1, 1, 0. ಸಂಖ್ಯೆ ಈಗಾಗಲೇ ಸಮ. ಆದ್ದರಿಂದ ಕಳೆದದ್ದು 0. ಕರಿಹಲಗೆಯ ಮೇಲೆ ಐದು ನಿಮಿಷದಲ್ಲಿ ಮಾಡಿ ತೋರಿಸಬಹುದು. 'ರೇಡ್' ಎಂಬ ಹೆಸರು ಬಂದದ್ದು ಈ ಪ್ರಬಂಧದಿಂದ. ಆದರೆ ವೇಗದ ಆಸೆಗೆ ಬಿದ್ದ ವಿಡಿಯೊ ಮಂದಿ ಅನೇಕರು ಈ ರಕ್ಷಣೆಯ ಡಿಸ್ಕನ್ನು ಬಿಟ್ಟು, ದತ್ತವನ್ನು ಹಂಚಿ ಬರೆಯುವುದನ್ನು ಮಾತ್ರ ಇಟ್ಟುಕೊಂಡರು. ಅಲ್ಲಿ ಒಂದು ಡಿಸ್ಕು ಹೋದರೆ ಎಲ್ಲವೂ ಹೋಯಿತು.

ರಕ್ಷಣೆಯಿರುವ ರೇಡ್ ಕೂಡ ಮನುಷ್ಯನ ಕೈತಪ್ಪಿನಿಂದ ಕಾಪಾಡಲಾರದು. 1998ರಲ್ಲಿ ಪಿಕ್ಸಾರ್ ಸಂಸ್ಥೆಯಲ್ಲಿ ಅಳಿಸುವ ಒಂದು ಆಜ್ಞೆಯಿಂದ 'ಟಾಯ್ ಸ್ಟೋರಿ 2' ಚಿತ್ರದ ಬಹುಪಾಲು ಕಡತಗಳು ಮಾಯವಾದವು. ಬ್ಯಾಕಪ್ ಇತ್ತು, ಆದರೆ ಅದು ಸರಿಯಾಗಿ ದಾಖಲಾಗುತ್ತಿರಲಿಲ್ಲ, ಯಾರೂ ಪರೀಕ್ಷಿಸಿರಲಿಲ್ಲ. ಎಳೆಗೂಸಿನ ಕಾರಣ ಮನೆಯಿಂದ ಕೆಲಸ ಮಾಡುತ್ತಿದ್ದ ತಂತ್ರಜ್ಞೆ ಗ್ಯಾಲಿನ್ ಸಸ್ಮನ್ ಅವರ ಕಂಪ್ಯೂಟರಿನಲ್ಲಿ ಒಂದು ಪ್ರತಿ ಉಳಿದಿತ್ತು. ಅದನ್ನು ಕಂಬಳಿಯಲ್ಲಿ ಸುತ್ತಿ ಕಾರಿನಲ್ಲಿ ತಂದರು!

ಟೇಪಿನ ಮೇಲಿನ ಅವಲಂಬನೆಗೆ ದೊಡ್ಡ ಪೆಟ್ಟು ಬಿದ್ದದ್ದು 2011ರ ಮಾರ್ಚ್‌ನಲ್ಲಿ. ಜಪಾನಿನ ಭೂಕಂಪ–ಸುನಾಮಿಗಳಿಂದ ಸೆಂಡಾಯ್ ಬಳಿಯ ಸೋನಿ ಕಾರ್ಖಾನೆ ನಿಂತು, ವೃತ್ತಿಪರ ವಿಡಿಯೊ ಟೇಪಿಗೆ ಜಗತ್ತಿನೆಲ್ಲೆಡೆ ಬರ ಬಂತು. ಕಡತಗಳತ್ತ ವಾಲುತ್ತಿದ್ದವರು ಪೂರ್ತಿ ಅತ್ತಲೇ ಹೋದರು. ಆದರೂ ದೊಡ್ಡ ಸಂಗ್ರಹಾಲಯಗಳು ಹಳೆಯ ಕಡತಗಳನ್ನು ಇಂದಿಗೂ 'ಎಲ್‌ಟಿಒ' ಎಂಬ ಕಂಪ್ಯೂಟರ್ ಟೇಪಿನಲ್ಲಿಯೇ ಇಡುತ್ತವೆ. 2000ದಲ್ಲಿ ಅದರ ಒಂದು ಕ್ಯಾಸೆಟ್ಟಿಗೆ 100 ಗಿಗಾಬೈಟು ಹಿಡಿಯುತ್ತಿತ್ತು, 2021ರ ಒಂಬತ್ತನೆಯ ತಲೆಮಾರಿನಲ್ಲಿ 18 ಟೆರಾಬೈಟು.

ಇನ್ನು ನಿಮ್ಮ ಶಾಲೆಯ ಬೀರುವಿನ ವಿಷಯ. 1995ರಲ್ಲಿ ಬಂದ ಡಿವಿ ಪದ್ಧತಿಯ ಪುಟ್ಟ ಕ್ಯಾಸೆಟ್ಟುಗಳು ಅಲ್ಲಿರಬಹುದು. ಕಾಂತೀಯ ಟೇಪುಗಳನ್ನು ನುಡಿಸುವ ಯಂತ್ರಗಳೇ ಸಿಗದಂತಾಗುತ್ತಿವೆ ಎಂದು ಯುನೆಸ್ಕೊ 2019ರಲ್ಲಿ ಎಚ್ಚರಿಸಿತ್ತು. ಅವುಗಳಲ್ಲಿ ಬೇಕಾದದ್ದಿದ್ದರೆ, ಚಾಲೂ ಇರುವ ಒಂದು ಡಿವಿ ಕ್ಯಾಮೆರಾ ಮತ್ತು ಫೈರ್‌ವೈರ್ ಕಿಂಡಿಯಿರುವ ಒಂದು ಹಳೆಯ ಕಂಪ್ಯೂಟರನ್ನು ಹುಡುಕಿ. ಒಂದು ಗಂಟೆಯ ಟೇಪು ಇಳಿಸಲು ಒಂದು ಗಂಟೆಯೇ ಹಿಡಿಯುತ್ತದೆ, ಜಾಗ 13 ಗಿಗಾಬೈಟು ಬೇಕು. ಎರಡು ಬೇರೆ ಬೇರೆ ಡಿಸ್ಕುಗಳಲ್ಲಿ ಇಟ್ಟು, ಒಂದನ್ನು ಶಾಲೆಯ ಹೊರಗೆ ಇರಿಸಿ. ಟೇಪನ್ನು ಎಸೆಯುವ ಮುನ್ನ ಎರಡೂ ಪ್ರತಿಗಳನ್ನು ಕೊನೆಯವರೆಗೆ ಓಡಿಸಿ ನೋಡಿ.