ಹಿರಿಯರ ಹೆಸರುಗಳು: ಶಾಸನದಿಂದ ತೊಟ್ಟಿಲಿನವರೆಗೆ

ಶ್ರವಣಬೆಳಗೊಳದ ಊರೊಳಗೆ ಪಾರ್ಶ್ವನಾಥ ಸ್ವಾಮಿಯ ಒಂದು ಬಸದಿಯುಂಟು. ಹೊಯ್ಸಳ ಶೈಲಿಯ ಈ ಜಿನಾಲಯವನ್ನು ಜನರು ಇಂದಿಗೂ 'ಅಕ್ಕನ ಬಸದಿ' ಎಂದೇ ಕರೆಯುತ್ತಾರೆ. ಇದನ್ನು 1181ರಲ್ಲಿ ಕಟ್ಟಿಸಿದವಳು ಇಮ್ಮಡಿ ಬಲ್ಲಾಳನ ಮಂತ್ರಿ ಚಂದ್ರಮೌಳಿಯ ಪತ್ನಿ. ಪತಿ ಶೈವನಾದರೂ ಪತ್ನಿ ಜಿನಭಕ್ತೆ. ಅವಳ ಹೆಸರು ಆಚಲದೇವಿ, ಬಳಕೆಯಲ್ಲಿ ಆಚಿಯಕ್ಕ. ಎಂಟು ಶತಮಾನಗಳಿಗೂ ಮಿಕ್ಕಿ ಉಳಿದು ಬಂದದ್ದು ಗಂಭೀರವಾದ 'ಆಚಲದೇವಿ'ಯಲ್ಲ, ಮನೆಮಾತಿನ 'ಅಕ್ಕ' ಎಂಬುದು ಗಮನಾರ್ಹ.

ಅಜ್ಜ ಅಜ್ಜಿಯರ ಹೆಸರುಗಳು ಹಳೆಯ ಕಾಲದವು, ಒರಟು, ಇಂದಿನ ಮಕ್ಕಳಿಗೆ ಒಪ್ಪುವಂಥವಲ್ಲ ಎಂಬ ಮಾತು ನಮ್ಮ ಸಮಾಜದಲ್ಲಿ ಆಗಾಗ ಕೇಳಿಬರುತ್ತದೆ. ಜಿನ್ನಪ್ಪ, ಭರಮಪ್ಪ, ಪಾರಿಸಣ್ಣ, ನೇಮಣ್ಣ, ಧರಣಪ್ಪ, ಪದ್ಮವ್ವ ಮೊದಲಾದ ಹೆಸರುಗಳು ತೊಟ್ಟಿಲ ಬಳಿ ಕೇಳಿಸುವುದು ವಿರಳವಾಗಿದೆ. ಈ ಅಭಿಪ್ರಾಯವನ್ನು ಇತಿಹಾಸದ ಬೆಳಕಿನಲ್ಲಿ ಪರಾಮರ್ಶಿಸುವುದು ಉಚಿತ.

ಮೊದಲನೆಯದಾಗಿ, ಒರಟೆಂದು ಭಾವಿಸಲಾಗುವ ಈ ರೂಪಗಳಲ್ಲಿ ಬಹುಪಾಲು ವ್ಯಾಕರಣಸಮ್ಮತವಾದ ತದ್ಭವಗಳು. ಯಕ್ಷ ಎಂಬುದು ಕನ್ನಡದಲ್ಲಿ ಜಕ್ಕನಾಯಿತು, ಬ್ರಹ್ಮ ಬೊಮ್ಮನಾಯಿತು, ಪಾರ್ಶ್ವ ಪಾರಿಸನಾಯಿತು. ಹದಿಮೂರನೆಯ ಶತಮಾನದ ಜೈನ ವೈಯಾಕರಣ ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ಇಂತಹ ಮಾರ್ಪಾಡುಗಳ ವಿವರಣೆಗಾಗಿ ಅಪಭ್ರಂಶ ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ. ಈ ಕ್ರಮವನ್ನರಿತು ನೋಡಿದರೆ ಪಾರಿಸಣ್ಣನಲ್ಲಿ ಪಾರ್ಶ್ವನಾಥನೂ ನೇಮಣ್ಣನಲ್ಲಿ ನೇಮಿನಾಥನೂ ಧರಣಪ್ಪನಲ್ಲಿ ಧರಣೇಂದ್ರ ಯಕ್ಷನೂ ಪದ್ಮವ್ವನಲ್ಲಿ ಪದ್ಮಾವತಿ ಯಕ್ಷಿಯೂ ಕಾಣಿಸುತ್ತಾರೆ. ಬೊಮ್ಮಣ್ಣ, ಭರಮಪ್ಪ ಎಂಬಲ್ಲಿ ಬಸದಿಗಳನ್ನು ಕಾಯುವ ಬ್ರಹ್ಮದೇವರ ನೆನಪಿದೆ. ಸಂಸ್ಕೃತದ ಪವಿತ್ರ ನಾಮವು ಕನ್ನಡದ ನಾಲಗೆಯ ಮೇಲೆ ಒಗ್ಗಿ, ಅಪ್ಪ, ಅಣ್ಣ, ಅವ್ವ, ಅಕ್ಕ ಎಂಬ ಬಂಧುವಾಚಕವನ್ನು ಜೊತೆಗೂಡಿಸಿಕೊಂಡು ಮನೆಯ ಹೆಸರಾಯಿತು. ಇದನ್ನು ಅಜ್ಞಾನದ ಫಲವೆನ್ನಲಾಗದು. ಧರ್ಮವು ಜನರ ಬಾಳಿನಲ್ಲಿ ಬೇರುಬಿಟ್ಟುದಕ್ಕೆ ಇದೇ ಸಾಕ್ಷಿ.

ನಾಮಕರಣದ ವಿಷಯದಲ್ಲಿ ಶಾಸ್ತ್ರದ ಆಧಾರವೂ ಇದೆ. ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರು ಸಂಸ್ಕೃತ 'ಆದಿಪುರಾಣ'ದಲ್ಲಿ ಶ್ರಾವಕನ ಸಂಸ್ಕಾರಗಳನ್ನು ವಿವರಿಸುವಾಗ ನಾಮಕರ್ಮವನ್ನು ಹೇಳಿದ್ದಾರೆ. ಮಗು ಜನಿಸಿ ಹನ್ನೆರಡು ದಿನಗಳು ಕಳೆದ ಮೇಲೆ ಶುಭದಿನದಲ್ಲಿ ಈ ಕ್ರಿಯೆ ನಡೆಯಬೇಕು. ಜಿನೇಂದ್ರನ 1008 ನಾಮಗಳಲ್ಲಿ ಒಂದನ್ನು ಘಟಪತ್ರ ವಿಧಾನದಿಂದ, ಎಂದರೆ ಪತ್ರಗಳಲ್ಲಿ ಬರೆದು ಕಲಶದಲ್ಲಿಟ್ಟ ಹೆಸರುಗಳಿಂದ, ಆರಿಸಿಕೊಳ್ಳಬಹುದು. ಹೆಸರು ಕಿವಿಗೆ ಇಂಪಾದರೆ ಸಾಲದು, ಅದು ಮಗುವನ್ನು ಒಂದು ಪರಂಪರೆಗೆ ಸೇರಿಸಬೇಕೆಂಬ ಭಾವನೆ ಇದರಲ್ಲಿದೆ.

ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿಯೂ ಪ್ರಾಚೀನವಾದುದು. ಹೊಯ್ಸಳರ ವಂಶಾವಳಿಯೇ ಇದಕ್ಕೆ ನಿದರ್ಶನ. ಒಂದನೆಯ ನರಸಿಂಹನ ಮಗ ಇಮ್ಮಡಿ ಬಲ್ಲಾಳ. ಅವನ ಮಗ ಇಮ್ಮಡಿ ನರಸಿಂಹ. ಅವನ ಮಗ ಸೋಮೇಶ್ವರ. ಸೋಮೇಶ್ವರನ ಮಗ ಮತ್ತೆ ಮುಮ್ಮಡಿ ನರಸಿಂಹ. ಒಂದು ತಲೆಮಾರು ಬಿಟ್ಟು ಒಂದರಲ್ಲಿ ಅಜ್ಜನ ಹೆಸರು ಮರಳಿ ಬಂದಿದೆ. ಹೆಸರು ರಕ್ತಸಂಬಂಧವನ್ನು ಮೀರಿ ಕೃತಜ್ಞತೆಯ ಗುರುತೂ ಆಗಬಹುದು. 993ರಲ್ಲಿ 'ಅಜಿತಪುರಾಣ'ವನ್ನು ರಚಿಸಿದ ರನ್ನನು ತನ್ನ ಪೋಷಕರಾದ ಚಾವುಂಡರಾಯ ಮತ್ತು ಅತ್ತಿಮಬ್ಬೆಯರ ನೆನಪಿಗಾಗಿ ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟನು. ಮುದುವೊಳಲಿನ ಬಳೆಗಾರ ಕುಲದಲ್ಲಿ ಹುಟ್ಟಿದ ಕವಿ ತನ್ನ ಋಣವನ್ನು ಕಾವ್ಯದಿಂದಲೂ ಮಕ್ಕಳ ಹೆಸರಿನಿಂದಲೂ ತೀರಿಸಿದನು. ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ದಾನಚಿಂತಾಮಣಿಯ ಹೆಸರು ಹೀಗೆ ಒಬ್ಬ ಕವಿಯ ಮನೆಯ ತೊಟ್ಟಿಲಲ್ಲೂ ತೂಗಿತು.

ಸ್ತ್ರೀಯರ ಹೆಸರುಗಳ ವಿಚಾರ ಇನ್ನೂ ಮಹತ್ತ್ವದ್ದು. ಅಬ್ಬೆ ಎಂದರೆ ತಾಯಿ. ನಾಗರಖಂಡದ ಆಡಳಿತ ನಡೆಸಿದ ಜಕ್ಕಿಯಬ್ಬೆ, ಪಂಪನ ತಾಯಿ ಅಬ್ಬಣಬ್ಬೆ, ಗಂಗರಾಜನ ತಾಯಿ ಪೋಚಿಕಬ್ಬೆ, ಶಾಂತಲೆಯ ತಾಯಿ ಮಾಚಿಕಬ್ಬೆ, ಇವರೆಲ್ಲರೂ ಶಾಸನಗಳಲ್ಲಿ ಸ್ವಂತ ಹೆಸರಿನಿಂದ ಕಾಣಿಸಿಕೊಳ್ಳುತ್ತಾರೆ. ಚಂದ್ರಗಿರಿಯ ಕತ್ತಲೆ ಬಸದಿಯನ್ನು ದಂಡನಾಯಕ ಗಂಗರಾಜನು 1118ರ ಸುಮಾರಿನಲ್ಲಿ ತಾಯಿಗಾಗಿ ಕಟ್ಟಿಸಿದನು. ಅಲ್ಲಿಯ ಶಾಸನದಿಂದಲೇ ಆ ತಾಯಿಯ ಹೆಸರು ನಮಗೆ ತಿಳಿಯುತ್ತದೆ. ಹಳಗನ್ನಡದ ಅಬ್ಬೆಯೇ ಮುಂದೆ ಅವ್ವೆಯಾಗಿ ಅವ್ವಳಾದುದರಿಂದ ಉತ್ತರ ಕರ್ನಾಟಕದ ಪದ್ಮವ್ವ, ಜಿನ್ನವ್ವರು ಈ ಅತ್ತಿಮಬ್ಬೆ, ಜಕ್ಕಿಯಬ್ಬೆಯರ ನೇರ ವಾರಸುದಾರರು.

ಹಾಗೆಂದು ಹೆಸರುಗಳು ಬದಲಾಗಲೇಬಾರದೆಂದು ವಾದಿಸುವುದು ಸಾಧುವಲ್ಲ. ಅಬ್ಬೆ ಅವ್ವಳಾದುದು ಸಹ ಬದಲಾವಣೆಯೇ. ಮಗುವಿಗೆ ಮುಜುಗರವಾಗಬಾರದೆಂಬ ತಂದೆತಾಯಿಗಳ ಕಾಳಜಿಯೂ ಸಹಜವಾದುದು. ಆದರೆ ಯಾವ ಹೆಸರು ಹಳತು, ಯಾವುದು ಹೊಸತು ಎಂಬುದು ಕಾಲದ ಅಭಿರುಚಿಯನ್ನು ಅವಲಂಬಿಸಿದೆ. 1123ರಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದ ಹೊಯ್ಸಳ ರಾಣಿ ಶಾಂತಲೆಯ ಹೆಸರು ಇಪ್ಪತ್ತನೆಯ ಶತಮಾನದಲ್ಲಿ ಕೆ. ವಿ. ಅಯ್ಯರ್ ಅವರ ಕಾದಂಬರಿಯ ಮೂಲಕ ಮನೆಮಾತಾಯಿತು. 'ಶಾಂತಲಾ' ಎಂಬ ಹೆಸರು ಯಾರಿಗೂ ಹಳತೆನಿಸುವುದಿಲ್ಲ. ಮಗಳು ತೀರಿದ ಬಳಿಕ ಬೆಳಗೊಳದಲ್ಲಿ ಸಲ್ಲೇಖನ ವ್ರತದಿಂದ ದೇಹತ್ಯಾಗ ಮಾಡಿದ ತಾಯಿ ಮಾಚಿಕಬ್ಬೆಯ ಹೆಸರಾದರೋ ಕಲ್ಲಿನಲ್ಲಿಯೇ ಉಳಿಯಿತು. ಒಂದೇ ಮನೆಯ, ಒಂದೇ ಕಾಲದ ಎರಡು ಹೆಸರುಗಳಿವು. ನೆನೆಯುವವರು ದೊರೆತ ಹೆಸರು ಹೊಸದಾಯಿತು, ದೊರೆಯದ ಹೆಸರು ಹಳೆಯದಾಯಿತು.

ಆದುದರಿಂದ ಆತಂಕಪಡಬೇಕಾದದ್ದು ಹೆಸರು ಬದಲಾಯಿತೆಂಬುದಕ್ಕಲ್ಲ, ಅದು ಮರೆತುಹೋಗುವುದಕ್ಕೆ. ಅಜ್ಜನ ತಂದೆಯ ಹೆಸರನ್ನು ಮನೆಯ ಜಮೀನಿನ ಪತ್ರವಾದರೂ ಹೇಳೀತು; ಅಜ್ಜಿಯ ತಾಯಿಯ ಹೆಸರನ್ನು ಹೇಳುವ ಪತ್ರ ಅನೇಕ ಮನೆಗಳಲ್ಲಿ ಇಲ್ಲ. ಸಾವಿರ ವರ್ಷಗಳ ಹಿಂದಿನ ಅಬ್ಬಣಬ್ಬೆಯನ್ನು ಹೆಸರು ಹಿಡಿದು ಕರೆಯಬಲ್ಲ ಸಮಾಜ ನೂರು ವರ್ಷಗಳ ಹಿಂದಿನ ತನ್ನ ಮುತ್ತಜ್ಜಿಯ ಹೆಸರನ್ನು ಅರಿಯದಿರುವುದು ವಿಷಾದಕರ. ಬಸದಿಗೆ ದಾನವಿತ್ತಾಗ 'ಇಂಥವರ ಪತ್ನಿ' ಎಂದಷ್ಟೇ ಬರೆಯಿಸದೆ, ಆಕೆಯ ಹೆಸರನ್ನೂ ಬರೆಯಿಸುವುದು ಶಾಸನಕಾಲದ ಹಿರಿಯರು ತೋರಿದ ಮಾರ್ಗವೇ ಆಗಿದೆ.

ಪಂಚಕಲ್ಯಾಣ ಮಹೋತ್ಸವದಲ್ಲಿ ಜನ್ಮಕಲ್ಯಾಣದಂದು ಜಿನಬಾಲಕನ ನಾಮಕರಣ ನೆರವೇರುತ್ತದೆ. ಅದನ್ನು ಕಣ್ತುಂಬ ಕಂಡು ಮನೆಗೆ ಮರಳುವ ಶ್ರಾವಕ ಶ್ರಾವಿಕೆಯರು ಮನೆಯ ಹಿರಿಯರ ಬಳಿ ಕುಳಿತು, ನಾಲ್ಕು ತಲೆಮಾರುಗಳ ಗಂಡು ಹೆಣ್ಣೆನ್ನದೆ ಎಲ್ಲರ ಹೆಸರುಗಳನ್ನು ಕೇಳಿ ಬರೆದಿಡಲಿ. ಆ ಪಟ್ಟಿಯಿಂದ ಒಂದು ಹೆಸರು ಮುಂದೊಮ್ಮೆ ತೊಟ್ಟಿಲಿಗೆ ಮರಳಿದರೆ ಅದು ಸಂತೋಷ. ಮರಳದಿದ್ದರೂ ಆ ಹಿರಿಯರು ಅನಾಮಿಕರಾಗಿ ಉಳಿಯಲಾರರು.